ಜಗಳದ ಕೊನೆಯಲ್ಲಿ ಮಗು ಕಲಿಯುವ ಪಾಠ

ಮಗಳೇ,

ಎಂಟು ವರ್ಷದ ಮಗ ಹೇಳಿದ ಮಾತು ಕೇಳುವುದಿಲ್ಲ, ಎದುರುತ್ತರ ಕೊಡುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ ಎಂದು ಫೋನಿನಲ್ಲಿ ಕಣ್ಣೀರು ಹಾಕಿದೆ. ‘ನಾನೇ ಸರಿಯಾಗಿ ಬೆಳೆಸಲಿಲ್ಲವೇನೋ ದೊಡ್ಡಪ್ಪ’ ಎಂದೆ. ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕು. ಕೆಲವು ಮಕ್ಕಳು ಎಳೆಗೂಸಾಗಿದ್ದಾಗಲೇ ರಚ್ಚೆ ಹಿಡಿಯುವ ಸ್ವಭಾವದವರು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಿಂದ ನ್ಯೂಯಾರ್ಕಿನ ಮಕ್ಕಳನ್ನು ಎಳೆಗೂಸಾಗಿದ್ದಾಗಿನಿಂದ ವರ್ಷಗಟ್ಟಲೆ ಗಮನಿಸಿ ಇದನ್ನೇ ಕಂಡುಕೊಂಡರು. ಸ್ವಭಾವ ನಿನ್ನ ಕೈಲಿಲ್ಲ. ಆ ಸ್ವಭಾವಕ್ಕೆ ಮನೆಯಲ್ಲಿ ದಿನಾ ಸಿಗುವ ಉತ್ತರ ಮಾತ್ರ ನಿನ್ನ ಕೈಲಿದೆ. ನಾನು ಹೇಳಹೊರಟಿರುವುದು ಅದರ ಬಗ್ಗೆ.

ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಎಂಬ ಊರಿನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಮಕ್ಕಳ ಪುಂಡಾಟದ ಮೂಲ ಹುಡುಕಲು ಅವರು ಮನೆಗಳಿಗೇ ಜನರನ್ನು ಕಳಿಸಿದರು. ಮನೆಮಂದಿಯೆಲ್ಲ ಎರಡು ಕೋಣೆಯೊಳಗೇ ಇರಬೇಕು, ಟಿವಿ ಹಾಕಬಾರದು, ನೆಂಟರು ಬರಬಾರದು ಎಂಬ ಕರಾರು. ಬಂದವರು ಒಂದು ಕಡೆ ಕೂತು, ಯಾರು ಏನು ಮಾಡಿದರು, ಅದಕ್ಕೆ ಎದುರಿನವರು ಏನು ಮಾಡಿದರು ಎಂದು ಆರು ಸೆಕೆಂಡಿಗೊಮ್ಮೆ ಗುರುತು ಹಾಕಿಕೊಳ್ಳುತ್ತಿದ್ದರು. ಅಳು, ಗೊಣಗಾಟ, ಕೂಗಾಟ, ನಗು, ಮೆಚ್ಚುಗೆ ಎಲ್ಲಕ್ಕೂ ಬೇರೆ ಬೇರೆ ಗುರುತು. ಒಟ್ಟು 29 ಬಗೆ. ಹೀಗೆ ವರ್ಷಾನುಗಟ್ಟಲೆ ಕೂಡಿಹಾಕಿದ್ದನ್ನು 1982ರಲ್ಲಿ ಪುಸ್ತಕವಾಗಿ ತಂದರು.

ಅವರು ಕಂಡದ್ದನ್ನು ನಿನ್ನ ಮನೆಯ ಸಂಜೆಗೇ ಹೊಂದಿಸಿ ಹೇಳುತ್ತೇನೆ. ಮಗ ಮೊಬೈಲ್ ಹಿಡಿದು ಕೂತಿದ್ದಾನೆ. ‘ಅದನ್ನಿಟ್ಟು ಹೋಂವರ್ಕ್ ಮಾಡು’ ಅನ್ನುತ್ತೀಯ. ‘ಐದೇ ನಿಮಿಷ’ ಅನ್ನುತ್ತಾನೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಅಡುಗೆಮನೆಯಿಂದಲೇ ಇನ್ನೆರಡು ಸಲ ಕೂಗುತ್ತೀಯ. ಅವನು ಗೊಣಗುತ್ತಾನೆ. ಬಂದು ಮೊಬೈಲಿಗೆ ಕೈ ಹಾಕಿದರೆ ನೆಲಕ್ಕೆ ಬಿದ್ದು ಕಿರುಚುತ್ತಾನೆ. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಎಂಬ ಅಳುಕು ನಿನಗೆ. ‘ಏನಾದ್ರೂ ಮಾಡ್ಕೋ ಹೋಗು’ ಎಂದು ಬಿಟ್ಟುಬಿಡುತ್ತೀಯ. ಕಿರುಚಾಟ ತಟ್ಟನೆ ನಿಲ್ಲುತ್ತದೆ.

ಆ ಗಳಿಗೆಯಲ್ಲಿ ಇಬ್ಬರೂ ಪಾಠ ಕಲಿತಿರಿ. ಕಿರುಚಿದರೆ ಹೋಂವರ್ಕ್ ತಪ್ಪುತ್ತದೆ ಎಂದು ಅವನು ಕಲಿತ. ಬಿಟ್ಟುಕೊಟ್ಟರೆ ನೆಮ್ಮದಿ ಎಂದು ನೀನು ಕಲಿತೆ. ಇನ್ನೊಂದು ದಿನ ತಾಳ್ಮೆ ಕೆಟ್ಟು ಎರಡೇಟು ಹಾಕುತ್ತೀಯ, ಅವನು ಸುಮ್ಮನಾಗುತ್ತಾನೆ. ಹೊಡೆದರೇ ಕೇಳುವುದು ಎಂದು ಅಂದು ನೀನು ಕಲಿಯುತ್ತೀಯ, ಬಲ ಇದ್ದವರೇ ಗೆಲ್ಲುವುದು ಎಂದು ಅವನು ಕಲಿಯುತ್ತಾನೆ. ಮುಂದಿನ ಜಗಳ ಒಂದು ಮೆಟ್ಟಿಲು ಮೇಲಿನಿಂದಲೇ ಶುರುವಾಗುತ್ತದೆ. ಇಲ್ಲಿ ಯಾರೂ ಕೆಟ್ಟವರಲ್ಲ. ಜಗಳ ಮುಗಿಯುವ ರೀತಿ ಕೆಟ್ಟದ್ದು.

ಆದ್ದರಿಂದ ನಿನ್ನ ಗಮನ ಜಗಳದ ಕೊನೆಯ ಮೇಲಿರಲಿ. ನಡೆಸಲಾಗದ ಮಾತನ್ನು ಹೇಳಲೇಬೇಡ. ಹೇಳುವುದಿದ್ದರೆ ಅಡುಗೆಮನೆಯಿಂದ ಕೂಗದೆ ಹತ್ತಿರ ಹೋಗಿ, ಕಣ್ಣು ನೋಡಿ, ಒಂದೇ ಸಲ ಮೆತ್ತಗೆ ಹೇಳು. ಕೇಳದಿದ್ದರೆ ಏನಾಗುತ್ತದೆ ಎನ್ನುವುದು ಮೊದಲೇ ಗೊತ್ತಿರಲಿ: ನಾಳೆ ಮೊಬೈಲ್ ಇಲ್ಲ, ಅಷ್ಟೇ. ಶಿಕ್ಷೆ ಚಿಕ್ಕದಿರಲಿ, ತಪ್ಪದಿರಲಿ, ಬೈಗುಳವಿಲ್ಲದಿರಲಿ. ಅವನು ತಾನಾಗಿ ಪುಸ್ತಕ ತೆರೆದ ದಿನ ಸುಮ್ಮನಿರಬೇಡ. ಆಗಲೇ ಬೆನ್ನು ತಟ್ಟಿ ಹೇಳು. ಗಲಾಟೆ ಮಾಡಿದಾಗ ಮಾತ್ರ ಅಮ್ಮ ತಿರುಗಿ ನೋಡುವ ಮನೆಯಲ್ಲಿ ಮಗು ಗಲಾಟೆಯನ್ನೇ ಆರಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ನೀನು ಬಿಟ್ಟುಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಅವನ ಹಟ ಇಳಿಯುವ ಬದಲು ಏರಬಹುದು. ಹಳೆಯ ದಾರಿ ಕೆಲಸ ಮಾಡದಾಗ ಇನ್ನೂ ಜೋರಾಗಿ ಕೂಗಿ ನೋಡುತ್ತಾನೆ. ಅಲ್ಲಿ ಸೋತರೆ ಇನ್ನೂ ಜೋರಾಗಿ ಕೂಗುವುದನ್ನು ನೀನೇ ಕಲಿಸಿದ ಹಾಗೆ. ಅದಕ್ಕೇ ನಿನ್ನ ಗಂಡನನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಮೊದಲೇ ಮಾತಾಡು. ನೀನು ಬೇಡ ಅಂದದ್ದನ್ನು ಅಜ್ಜಿ ಗುಟ್ಟಾಗಿ ಕೊಟ್ಟರೆ ನಿನ್ನ ಶ್ರಮವೆಲ್ಲ ನೀರುಪಾಲು.

ಗಂಡನ ಅಂಗಡಿ ವ್ಯಾಪಾರ ಬಿದ್ದ ಮೇಲೆ ಮನೆಯಲ್ಲಿ ಸಿಡುಕು ಹೆಚ್ಚಿದೆ ಎಂದೂ ಹೇಳಿದೆ. ಅದನ್ನು ಬೇರೆ ವಿಷಯ ಅಂದುಕೊಳ್ಳಬೇಡ. 1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ರೈತರು ಸಾಲದಲ್ಲಿ ಮುಳುಗಿದ್ದರು. ಅಲ್ಲಿಯ ಕುಟುಂಬಗಳನ್ನು ರ‍್ಯಾಂಡ್ ಕಾಂಗರ್ ಮತ್ತು ಗ್ಲೆನ್ ಎಲ್ಡರ್ ಎಂಬ ಸಂಶೋಧಕರು ಅಧ್ಯಯನ ಮಾಡಿದರು. ಹಣದ ಅಡಚಣೆಯಿಂದ ಅಪ್ಪ-ಅಮ್ಮನ ಮನಸ್ಸು ಕುಗ್ಗುತ್ತದೆ, ಗಂಡ-ಹೆಂಡತಿ ನಡುವೆ ಕಿತ್ತಾಟ ಹುಟ್ಟುತ್ತದೆ, ಆ ಬಿಸಿ ಮಕ್ಕಳಿಗೆ ತಟ್ಟುತ್ತದೆ ಎಂಬುದು ಅವರಿಗೆ ಕಂಡ ಸರಪಳಿ. ನಿಮ್ಮ ಹಣದ ಅಡಚಣೆ ಒಂದು ದಿನದಲ್ಲಿ ತೀರುವುದಿಲ್ಲ. ನೀವಿಬ್ಬರೂ ಒಬ್ಬರಿಗೊಬ್ಬರು ಆಡುವ ಮಾತನ್ನು ಇವತ್ತೇ ಮೆದು ಮಾಡಿಕೊಳ್ಳಬಹುದು. ಸರಪಳಿ ಅಲ್ಲೇ ಕಡಿಯುತ್ತದೆ.

ಈ ವಯಸ್ಸಿನಲ್ಲೇ ಎಚ್ಚೆತ್ತುಕೋ ಎನ್ನಲು ಕಾರಣವಿದೆ. ಮನೆಯಲ್ಲಿ ಕಿರುಚಿ ಗೆಲ್ಲುವ ಮಗು ಶಾಲೆಯಲ್ಲೂ ಅದನ್ನೇ ಮಾಡುತ್ತದೆ. ಒಳ್ಳೆಯ ಗೆಳೆಯರು ದೂರ ಸರಿಯುತ್ತಾರೆ, ಓದು ಹಿಂದೆ ಬೀಳುತ್ತದೆ, ಕೊನೆಗೆ ತನ್ನಂಥವರ ಗುಂಪೇ ಗತಿಯಾಗುತ್ತದೆ. ಪ್ಯಾಟರ್ಸನ್ ಮತ್ತು ಜೊತೆಗಾರರು 1989ರ ಲೇಖನವೊಂದರಲ್ಲಿ ಗುರುತಿಸಿದ ದಾರಿ ಇದು. ಹಾಗೆಂದು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೆದರಿಸುವವರ ಮಾತಿಗೆ ಎದೆಗುಂದಬೇಡ. ಬೆಳೆದ ಮಕ್ಕಳ ಮನೆಯಲ್ಲೂ ಬದಲಾವಣೆ ಸಾಧ್ಯ. ಬೇಗ ಶುರು ಮಾಡಿದಷ್ಟೂ ಹಗುರ.

ಅವನು ಹದಿನಾಲ್ಕಕ್ಕೆ ಬಂದಾಗ ಇನ್ನೊಂದು ಮಾತು ನೆನಪಿರಲಿ. ಸ್ವೀಡನ್ನಿನ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಆ ವಯಸ್ಸಿನ ಮಕ್ಕಳ ಬಗ್ಗೆ ಅಧ್ಯಯನ ಮಾಡಿ 2000ರಲ್ಲಿ ಪ್ರಕಟಿಸಿದರು. ಮಕ್ಕಳ ಓಡಾಟ, ಗೆಳೆತನದ ಬಗ್ಗೆ ಅಪ್ಪ-ಅಮ್ಮನಿಗೆ ತಿಳಿದಿದ್ದುದರಲ್ಲಿ ಹೆಚ್ಚಿನ ಪಾಲು ಮಕ್ಕಳು ತಾವಾಗಿ ಹೇಳಿಕೊಂಡದ್ದು. ಕಾವಲು, ತನಿಖೆಯಿಂದ ತಿಳಿದದ್ದು ಕಡಿಮೆ. ಹೇಳಿದರೆ ಬೈಸಿಕೊಳ್ಳಬೇಕು ಎಂದು ಗೊತ್ತಿರುವ ಹುಡುಗ ಬಾಯಿ ಬಿಡುವುದಿಲ್ಲ. ಇವತ್ತು ಅವನು ಶಾಲೆಯ ಸಣ್ಣ ಜಗಳದ ಕಥೆ ಹೇಳಲು ಬಂದರೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳು.

ಇಷ್ಟರ ಮೇಲೂ ಕೈ ಮೀರಿದರೆ ಸಂಕೋಚಪಡಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಾರ್ವೆಯಂಥ ದೇಶ 1999ರಿಂದ ಪ್ಯಾಟರ್ಸನ್ ಬಳಗ ಒರೆಗಾನಿನಲ್ಲಿ ರೂಪಿಸಿದ ತರಬೇತಿ ಪದ್ಧತಿಯನ್ನು ತಂದು ತನ್ನ ತಂದೆತಾಯಿಗಳಿಗೆ ಕಲಿಸುತ್ತಿದೆ. ಮಕ್ಕಳನ್ನು ಬೆಳೆಸುವುದೂ ಕಲಿಯುವ ವಿದ್ಯೆಯೇ, ಕೇಳಿ ಕಲಿಯುವುದರಲ್ಲಿ ಅವಮಾನವಿಲ್ಲ.

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡ. ಈ ವಾರಕ್ಕೆ ಸಂಜೆಯ ಮೊಬೈಲ್ ಒಂದನ್ನೇ ಹಿಡಿದುಕೋ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಿ. ಅದು ಸರಿಹೋದ ಮೇಲೆ ಮುಂದಿನದಕ್ಕೆ ಕೈ ಹಾಕಿದರಾಯಿತು.