ದಕ್ಕೆಯ ಗೇಟು ಕಲಿಸಿದ ಪಾಠಗಳು

ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಮರದ ಹಡಗುಗಳಿಗೆ ಸರಕು ಹೊಂದಿಸುವ ಏಜೆಂಟರ ಕಚೇರಿಯಲ್ಲಿ ನಾನು ಕೆಲಸ ಶುರು ಮಾಡಿದೆ. ಆಮೇಲೆ ಬಂದರು ಭದ್ರತೆಯ ಕಡೆಗೆ ಬಂದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಡಳಿತ ಬೇರೆಯಾಯಿತು, ನಂಟು ಉಳಿಯಿತು. ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ಈಗಲೂ ಇಲ್ಲಿಂದ ಹೋಗುತ್ತವೆ. ಹತ್ತಿರದ ಊರುಗಳ ನಡುವೆ ಓಡಾಡುವ ಹಡಗಿನ ಕಸುಬು ನಿಲ್ಲುವುದು ಯಾವುದರ ಮೇಲೆ ಎಂದು ಕೇಳಿದರೆ ನನ್ನ ಉತ್ತರ ಇಷ್ಟು.

1. ಪಟ್ಟಿ ಸತ್ಯವಾಗಿರಬೇಕು.

ಹಡಗಿನಲ್ಲಿ ಯಾರಿದ್ದಾರೆ, ಏನಿದೆ ಎಂಬುದು ಕಾಗದದಲ್ಲಿ ಒಂದು, ಒಡಲಲ್ಲಿ ಇನ್ನೊಂದು ಆದರೆ ಉಳಿದ ಯಾವ ವ್ಯವಸ್ಥೆಯೂ ಕೆಲಸಕ್ಕೆ ಬರುವುದಿಲ್ಲ. 2004ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸ್‌ನ ಸೂಪರ್‌ಫೆರಿ 14 ಮನಿಲಾ ಬಿಟ್ಟ ಸ್ವಲ್ಪ ಹೊತ್ತಿಗೇ ಸ್ಫೋಟಗೊಂಡು 116 ಜನ ಸತ್ತರು. ಬಾಂಬು ಇದ್ದದ್ದು ಒಂದು ಟಿವಿ ಸೆಟ್ಟಿನೊಳಗೆ. ಅದನ್ನು ತಂದವನು ಹಡಗು ಹೊರಡುವ ಮುಂಚೆಯೇ ಇಳಿದು ಹೋಗಿದ್ದ. ಸಾಮಾನು ಹತ್ತಿತು, ಯಜಮಾನ ಹತ್ತಲಿಲ್ಲ ಎಂಬುದನ್ನು ಯಾರೂ ತಾಳೆ ನೋಡಲಿಲ್ಲ.

ನಮ್ಮ ದಕ್ಕೆಯಲ್ಲಿ ಇದೇ ಸಂಗತಿ ಬಹಳ ಸೌಮ್ಯವಾದ ರೂಪದಲ್ಲಿ ಬರುತ್ತದೆ. ನೈಲಾನ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯೊಂದನ್ನು ಯಾರೋ ಖಲಾಸಿಯ ಕೈಗೆ ಕೊಟ್ಟು, “ಕಿಲ್ತಾನಿನಲ್ಲಿ ನಮ್ಮ ಮಾವ ಬಂದು ತಗೊಳ್ತಾರೆ, ಕೊಟ್ಟುಬಿಡಿ ಕಾಕಾ” ಎನ್ನುತ್ತಾರೆ. ನೂರಕ್ಕೆ ನೂರು ಅದರಲ್ಲಿ ಬಟ್ಟೆ, ಬೇಕರಿ ತಿಂಡಿಯೇ ಇರಬಹುದು. ಆದರೂ ಕೊಡುವವರ, ಪಡೆಯುವವರ ಹೆಸರು, ಫೋನ್ ನಂಬರು ಬರೆದು, ಅವರೆದುರೇ ಬಿಚ್ಚಿ ನೋಡಿ, ಮತ್ತೆ ಕಟ್ಟಿಸದ ಹೊರತು ಹತ್ತಿಸಬಾರದು. ಲಕ್ಷದ್ವೀಪದಲ್ಲಿ ಪಾನನಿಷೇಧವಿದೆ. ಹೀಗೆ ನೋಡದೆ ಹತ್ತಿಸಿದ ಪೆಟ್ಟಿಗೆಯಲ್ಲಿ ಬಾಟಲಿ ಸಿಕ್ಕರೆ ಅಲ್ಲಿ ಸಿಕ್ಕಿಬೀಳುವವನು ಏನೂ ಅರಿಯದ ಖಲಾಸಿ.

2. ಕಾನೂನು ಮುಗಿಯುವಲ್ಲಿ ಜವಾಬ್ದಾರಿ ಮುಗಿಯುವುದಿಲ್ಲ.

ಹಡಗು ಮತ್ತು ಬಂದರು ಭದ್ರತೆಯ ಅಂತರರಾಷ್ಟ್ರೀಯ ಐಎಸ್‌ಪಿಎಸ್ ಸಂಹಿತೆ 2004ರ ಜುಲೈ 1ರಿಂದ ಜಾರಿಯಲ್ಲಿದೆ. ಅದು ಅನ್ವಯವಾಗುವುದು ವಿದೇಶಕ್ಕೆ ಹೋಗಿಬರುವ ಪ್ರಯಾಣಿಕ ಹಡಗುಗಳಿಗೆ, 500 ಟನ್ನೇಜ್ ಮತ್ತು ಅದಕ್ಕೆ ಮೇಲಿನ ಸರಕು ಹಡಗುಗಳಿಗೆ, ಅವು ಬರುವ ಬಂದರುಗಳಿಗೆ. ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಸಿಐಎಸ್‌ಎಫ್ ಕಾವಲಿದೆ, ಪಾಸ್ ಇಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ದ್ವೀಪಕ್ಕೆ ಹೋಗುವ ಮರದ ಮಂಜಿ ಆ ಸಂಹಿತೆಯ ಲೆಕ್ಕಕ್ಕೇ ಬರುವುದಿಲ್ಲ. ಸೂಪರ್‌ಫೆರಿಯೂ ದೇಶದೊಳಗೇ ಓಡುತ್ತಿದ್ದ ಹಡಗು ಎಂಬುದನ್ನು ಮರೆಯಬಾರದು. ಸಂಹಿತೆಯಲ್ಲಿ ಖರ್ಚಿಲ್ಲದ ಅಂಶಗಳೇ ಬೇಕಾದಷ್ಟಿವೆ. ಭದ್ರತೆಗೆ ಒಬ್ಬನೇ ಹೊಣೆಗಾರ, ಬಂದುಹೋದವರ ದಾಖಲೆ, ಅಪಾಯ ಹೆಚ್ಚಾದಾಗ ಏನು ಮಾಡಬೇಕೆಂಬ ಮೂರು ಹಂತಗಳ ಯೋಜನೆ. ಇವನ್ನು ಸಣ್ಣ ದಕ್ಕೆಯೂ ನಾಳೆಯಿಂದಲೇ ಪಾಲಿಸಬಹುದು.

3. ಮೇ ತಿಂಗಳಲ್ಲಿ ಕಣ್ಣು ಇನ್ನಷ್ಟು ತೆರೆದಿರಲಿ.

ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲ. ಹಾಗಾಗಿ ದ್ವೀಪದವರು ತಿಂಗಳುಗಟ್ಟಲೆಗೆ ಬೇಕಾದದ್ದನ್ನು ಮೇ ತಿಂಗಳಲ್ಲೇ ತರಿಸಿಕೊಳ್ಳಬೇಕು. ಲಾರಿಗಳು ಸಾಲುಗಟ್ಟುತ್ತವೆ, ಎಲ್ಲರಿಗೂ ಅವಸರ, “ಇನ್ನು ಐವತ್ತು ಚೀಲ ಹಾಕಿ” ಎಂಬ ಒತ್ತಾಯ ಬೇರೆ. ತಪಾಸಣೆ ಸಡಿಲವಾಗುವುದೂ ಹೊರೆ ಹೆಚ್ಚುವುದೂ ಕಡಲು ಕೆಡುವುದೂ ಒಂದೇ ವಾರದಲ್ಲಿ. 2025ರ ಮೇ 12ರಂದು ಸಿಮೆಂಟು, ಕಟ್ಟಡ ಸಾಮಗ್ರಿ ತುಂಬಿಕೊಂಡು ಮಂಗಳೂರಿನಿಂದ ಕಡಮತ್‌ಗೆ ಹೊರಟ ಮಂಜಿ ಎರಡು ದಿನದಲ್ಲಿ ಮುಳುಗಿತು. ಸಣ್ಣ ಡಿಂಗಿಯಲ್ಲಿ ತೇಲುತ್ತಿದ್ದ ಆರು ಜನರನ್ನು ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ಕಾಪಾಡಿತು.

ಹೊರೆಯ ವಿಷಯದಲ್ಲಿ ಮಂಜಿ ನಡೆಸುವ ತಂಡೇಲ “ಸಾಕು” ಎಂದರೆ ಸಾಕು. ಆ ಮಾತಿನ ಮೇಲೆ ಏಜೆಂಟನಾಗಲಿ ವ್ಯಾಪಾರಿಯಾಗಲಿ ಮಾತಾಡಕೂಡದು. ದಕ್ಷಿಣ ಕೊರಿಯಾದ ಸೆವೊಲ್ ಫೆರಿ 2014ರಲ್ಲಿ ಮಗುಚಿದಾಗ 304 ಜೀವ ಹೋದವು. ಅದರಲ್ಲಿದ್ದ ಸರಕು ಅನುಮತಿಯ ಎರಡು ಪಟ್ಟಿಗೂ ಮೀರಿತ್ತು, ಸರಿಯಾಗಿ ಬಿಗಿದೂ ಇರಲಿಲ್ಲ.

4. ಅಣಕು ಕವಾಯತನ್ನು ಕೆಲಸದ ಹೊತ್ತಿನಲ್ಲೇ ಮಾಡಬೇಕು.

ಮೂರು ತಿಂಗಳಿಗೊಮ್ಮೆ ಕವಾಯತು ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಭಾನುವಾರ ದಕ್ಕೆ ಖಾಲಿಯಿದ್ದಾಗ ಮಾಡಿ ಫೋಟೋ ತೆಗೆದರೆ ಕಡತ ತುಂಬುತ್ತದೆ, ಅಷ್ಟೇ. ಲೋಡಿಂಗ್ ನಡೆಯುತ್ತಿರುವಾಗ, ಪಾಳಿ ಬದಲಾಗುವ ಹೊತ್ತಿಗೆ ವಾರಸುದಾರರಿಲ್ಲದ ಚೀಲವೊಂದನ್ನು ಇಟ್ಟು ನೋಡಬೇಕು. ಯಾರು ಮೊದಲು ಗಮನಿಸುತ್ತಾರೆ, ಯಾರಿಗೆ ಹೇಳುತ್ತಾರೆ ಎಂಬುದು ಆಗ ತಿಳಿಯುತ್ತದೆ.

5. ಹಮಾಲಿಯ ಕಣ್ಣಿಗೆ ಕ್ಯಾಮೆರಾ ಸಮವಲ್ಲ.

ಬೇಳೆ ಚೀಲದ ತೂಕ ಬೆನ್ನಿಗೆ ಗೊತ್ತು. “ಸಾರ್, ಇದು ಬೇಳೆಯ ಭಾರ ಅಲ್ಲ” ಎಂದು ಹಮಾಲಿ ಹೇಳಿದಾಗ ಕೆಲಸ ನಿಲ್ಲಿಸಿ ಚೀಲ ಬಿಚ್ಚಿಸಬೇಕು. ಅನುಮಾನ ಸುಳ್ಳಾದರೂ ಅವನನ್ನು ಗದರಬಾರದು. ಗದರಿದರೆ ಇನ್ನೊಮ್ಮೆ ಅವನು ಬಾಯಿ ಬಿಡುವುದಿಲ್ಲ. ಇದೇ ಮಾತು ಮೀನುಗಾರರಿಗೂ ಸಲ್ಲುತ್ತದೆ. 2008ರಲ್ಲಿ ಮುಂಬೈಗೆ ಬಂದ ಉಗ್ರರು ಬಳಸಿಕೊಂಡದ್ದು ಪೋರ್‌ಬಂದರಿನ ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು. ಕಡಲಲ್ಲಿ ಅಪರಿಚಿತ ದೋಣಿಯನ್ನು ಮೊದಲು ಗುರುತಿಸಬಲ್ಲವರೂ ಮೀನುಗಾರರೇ.

6. ತಪಾಸಣೆ ಮಾಡುವವನ ಮಾತು ಮೃದುವಾಗಿರಬೇಕು.

ದ್ವೀಪದಿಂದ ಮಂಗಳೂರಿಗೆ ಚಿಕಿತ್ಸೆಗೆ, ಓದಿಗೆ ಬರುವವರಿದ್ದಾರೆ. ಅವರಾಡುವುದು ಜೆಸೆರಿ ಮಲಯಾಳ. ಗೇಟಿನಲ್ಲಿ ಮಲಯಾಳವೋ ಬ್ಯಾರಿಯೋ ಬಲ್ಲ ಒಬ್ಬರಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಹೆಂಗಸರ ಬ್ಯಾಗನ್ನು ಹೆಂಗಸರೇ ನೋಡಬೇಕು. ಅವಮಾನ ಮಾಡದೆ ನೋಡಿದರೆ ಜನ ತಾವಾಗಿಯೇ ಚೀಲ ತೆರೆದು ತೋರಿಸುತ್ತಾರೆ.

7. ಹೇಳಿದ ದಿನ ಹೊರಡಬೇಕು.

ಹೊರಡುವ ದಿನ ನಂಬುವಂತಿಲ್ಲದಿದ್ದರೆ ಸರಕು ದಕ್ಕೆಯಲ್ಲಿ ರಾಶಿ ಬೀಳುತ್ತದೆ. ರಾಶಿ ಬಿದ್ದ ಸರಕನ್ನು ಕಾಯುವುದೂ ಕಷ್ಟ, ಲೆಕ್ಕ ಇಡುವುದೂ ಕಷ್ಟ. ಅಳಿವೆಯಲ್ಲಿ ತುಂಬುವ ಹೂಳನ್ನು ಹೊತ್ತಿಗೆ ಸರಿಯಾಗಿ ತೆಗೆಸಿದರೆ ಈ ತೊಂದರೆಯ ದೊಡ್ಡ ಪಾಲು ತಪ್ಪುತ್ತದೆ.

ದ್ವೀಪಕ್ಕೆ ಸರಕು ಕಳಿಸುವ ವ್ಯಾಪಾರಿಗಳಲ್ಲಿ ನನ್ನದೊಂದು ವಿನಂತಿ. ಬಿಲ್ಲಿನಲ್ಲಿ “ಇತರೆ ಸಾಮಾನು” ಎಂದು ಬರೆಸಬೇಡಿ. ಚೀಲದಲ್ಲಿ ಏನಿದೆಯೋ ಅದರ ಹೆಸರನ್ನೇ ಬರೆಸಿ.