ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಫೋಕಸ್ ದೋಷ: ಒಂದು ಪ್ರಾಯೋಗಿಕ ಪಾಠ

ಛಾಯಾಚಿತ್ರಣವು ಬೆಳಕಿನ ಕಲೆಯೆಂಬುದು ಎಷ್ಟು ನಿಜವೋ ಅದು ಅಳತೆಯ ವಿದ್ಯೆಯೆಂಬುದೂ ಅಷ್ಟೇ ನಿಜ. ಹಿರಿಯರ ಪೆಟ್ಟಿಗೆಯಿಂದ ಹೊರಬಂದ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಮಸುಕಾಗಿ ಬಂದರೆ, ಕೂಡಲೇ ಸ್ಕ್ರೂಗಳನ್ನು ತಿರುಗಿಸಲು ಕೈಹಾಕುವವರೇ ಹೆಚ್ಚು. ಹೀಗೆ ಕೆಟ್ಟ ಕ್ಯಾಮೆರಾಗಳ ಸಂಖ್ಯೆ ಸಣ್ಣದಲ್ಲ. ಮಾಸ್ಕೋ ಸಮೀಪದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ ತಯಾರಾದ ಜೋರ್ಕಿ-4 ಎಂಬುದನ್ನು ಉದಾಹರಣೆಯಾಗಿಟ್ಟುಕೊಂಡು ಪರೀಕ್ಷೆಯ ಸರಿಯಾದ ಕ್ರಮವನ್ನು ವಿಚಾರಿಸೋಣ.

ಇದರ ತತ್ತ್ವ ನಮ್ಮ ತ್ರಿಕೋನಮಿತಿಯ ಪಾಠವೇ ಆಗಿದೆ. ಮುಂಭಾಗದ ಎರಡು ಕಿಂಡಿಗಳ ನಡುವಣ 38 ಮಿ.ಮೀ. ಅಂತರವೇ ಆಧಾರರೇಖೆ. ಮಸೂರವನ್ನು ಹೊರಳಿಸಿದಾಗ ಅದರ ಹಿಂಬದಿಯ ಅಂಚು ಒಳಗಿನ ಸನ್ನೆಯನ್ನು ತಳ್ಳುತ್ತದೆ. ಎರಡು ಬಿಂಬಗಳು ಒಂದರ ಮೇಲೊಂದು ಕೂಡಿದಾಗ ದೂರ ಸಿಕ್ಕಿತೆಂದು ಅರ್ಥ. ಆದರೆ ಕಣ್ಣು ನೋಡುವುದು ಒಂದು ದಾರಿಯಿಂದ, ಫಿಲ್ಮ್ ನೋಡುವುದು ಇನ್ನೊಂದು ದಾರಿಯಿಂದ. ಫಿಲ್ಮ್ ಮಸುಕಾಯಿತೆಂದು ಕಣ್ಣಿನ ದಾರಿಯನ್ನು ತಿದ್ದಹೊರಟರೆ ಒಂದು ದೋಷ ಎರಡಾಗುವುದು.

ಮೊದಲು ಪರೀಕ್ಷಿಸಬೇಕಾದುದು ಚಿತ್ರವನ್ನೇ. ಮುಂದಿನ ಸಾಲಿನವರು ಮಸುಕಾಗಿದ್ದು ಹಿಂದಿನ ಗೋಡೆ ಸ್ಪಷ್ಟವಾಗಿದ್ದರೆ ಅದು ಫೋಕಸ್ ದೋಷ. ಎಲ್ಲಿಯೂ ಸ್ಪಷ್ಟತೆ ಇಲ್ಲದಿದ್ದರೆ ಕೈ ಅಲುಗಿರಬೇಕು, ಇಲ್ಲವೇ ಮಸೂರದಲ್ಲಿ ಬೂಷ್ಟು ಕಟ್ಟಿರಬೇಕು. ಬಿಸಿಲಿನಲ್ಲಿ ಈ ದೋಷ ಅಡಗಿಕೊಳ್ಳುತ್ತದೆ ಎಂಬುದೂ ನೆನಪಿರಲಿ. 50 ಮಿ.ಮೀ. ಮಸೂರವನ್ನು ಎಫ್ 8ರಲ್ಲಿಟ್ಟು 5 ಮೀಟರ್ ದೂರಕ್ಕೆ ಹೊಂದಿಸಿದರೆ ಸುಮಾರು ಮೂರೂವರೆ ಮೀಟರಿನಿಂದ ಒಂಬತ್ತೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಅದೇ ಮಸೂರ ಎಫ್ 2ರಲ್ಲಿ, ಒಂದು ಮೀಟರ್ ದೂರದಲ್ಲಿ, ಕೇವಲ 5 ಸೆಂ.ಮೀ. ಆಳವನ್ನು ಮಾತ್ರ ಕೊಡುತ್ತದೆ. ಆದುದರಿಂದಲೇ ಅಂಗಳದ ಗುಂಪುಚಿತ್ರ ಚೆನ್ನಾಗಿ ಬಂದು, ಸಭಾಂಗಣದ ಮಂದ ಬೆಳಕಿನಲ್ಲಿ ಒಮ್ಮೆ ಮಾತ್ರ ದೊರೆಯುವ ಚಿತ್ರವು ಕೈಕೊಡುತ್ತದೆ.

ಎರಡನೆಯದು ನೋಡುವವರ ಕಣ್ಣು. ಫಿಲ್ಮ್ ಹಿಂದಕ್ಕೆ ಸುತ್ತುವ ಗುಂಡಿಯ ಬಳಿಯ ಸನ್ನೆಯಿಂದ ಕಣ್ಣಿನ ದೃಷ್ಟಿಗೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಬಿಂಬ ಮಂಕಾಗಿದೆಯೆಂದು ಒಳಗಿನ ಅರೆಪಾರಕ ಕನ್ನಡಿಯನ್ನು ಉಜ್ಜುವುದು ಸಲ್ಲದು, ಲೇಪವೇ ಕಿತ್ತುಬರಬಹುದು.

ಮೂರನೆಯದೇ ಮುಖ್ಯವಾದುದು: ಫಿಲ್ಮಿನ ದಾರಿ. ಮಸೂರವು ಕೂರುವ ಉಂಗುರದಿಂದ ಫಿಲ್ಮಿಗೆ ಇರಬೇಕಾದ ದೂರ 28.8 ಮಿ.ಮೀ. ಈ ದೂರವನ್ನು ಕಾಯುವುದು ಉಂಗುರದಡಿಯ ತೆಳುವಾದ ಬಿಲ್ಲೆಗಳು. ಹಿಂದೆ ಯಾರೋ ಬಿಚ್ಚಿ ಜೋಡಿಸುವಾಗ ಒಂದು ಬಿಲ್ಲೆ ಹೆಚ್ಚಾಗಿ ದೂರವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಬೆಳೆದರೂ ಸಾಕು, 50 ಮಿ.ಮೀ. ಮಸೂರ ಅನಂತದ ಗುರುತಿನಲ್ಲಿದ್ದಾಗ ವಾಸ್ತವವಾಗಿ 25 ಮೀಟರ್ ದೂರವನ್ನು ನೋಡುತ್ತಿರುತ್ತದೆ. ಇದನ್ನು ತಿಳಿಯಲು ಹಿಂಬದಿಯ ಮುಚ್ಚಳ ತೆಗೆದು, ಫಿಲ್ಮ್ ಹಾಯುವ ಒಳಗಿನ ಕಂಬಿಗಳ ಮೇಲೆ ಉಜ್ಜಿದ ಗಾಜಿನ ಒರಟು ಮುಖವನ್ನು ಮಸೂರದ ಕಡೆಗಿಟ್ಟು, ಷಟರನ್ನು ಬಿ ಗುರುತಿನಲ್ಲಿ ತೆರೆದು, ಪೂರ್ತಿ ರಂಧ್ರದಲ್ಲಿ ದೂರದ ಶಿಖರವನ್ನು ಭೂತಗನ್ನಡಿಯಿಂದ ನೋಡಬೇಕು. (ಜೋರ್ಕಿಯಲ್ಲಿ ಷಟರನ್ನು ಎಳೆದ ಮೇಲೆಯೇ ವೇಗದ ಗುಂಡಿಯನ್ನು ತಿರುಗಿಸಬೇಕು.) ಇಲ್ಲಿ ಬಿಂಬ ಸ್ಪಷ್ಟವಿಲ್ಲದಿದ್ದರೆ ದೋಷ ಮಸೂರದಲ್ಲಿದೆ ಇಲ್ಲವೇ ಬಿಲ್ಲೆಗಳಲ್ಲಿದೆ, ರೇಂಜ್‌ಫೈಂಡರನ್ನು ಮುಟ್ಟುವ ಅಗತ್ಯವಿಲ್ಲ.

ಗಾಜಿನ ಮೇಲೆ ಸ್ಪಷ್ಟವಾಗಿದ್ದು ಕಿಂಡಿಯಲ್ಲಿ ಮಾತ್ರ ಎರಡು ಶಿಖರ ಕಂಡರೆ ಆಗ ಸ್ಕ್ರೂವಿನ ಸರದಿ. ಬಿಂಬಗಳು ಅಕ್ಕಪಕ್ಕ ಸರಿದಿದ್ದರೆ ಮುಂಭಾಗದ ಹೊಂದಾಣಿಕೆಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಬೇಕು. ಮೇಲುಕೆಳಗಾಗಿದ್ದರೆ ಚಿಕ್ಕ ಕಿಂಡಿಯ ಗಾಜನ್ನು ತಿರುಗಿಸಬೇಕು. ಬಳಿಕ ಫಿಲ್ಮಿನ ಸ್ಥಾನದಿಂದ ಒಂದು ಮೀಟರನ್ನು ಟೇಪಿನಿಂದ ಅಳೆದು ಮತ್ತೆ ಪರೀಕ್ಷಿಸಬೇಕು. ದೂರದಲ್ಲಿ ಸರಿಯಿದ್ದು ಹತ್ತಿರದಲ್ಲಿ ತಪ್ಪಿದರೆ ಇನ್ನೊಂದು ಮಸೂರ ಹಾಕಿ ನೋಡುವುದು ಒಳಿತು. ಆಗಲೂ ಅದೇ ತಪ್ಪು ಉಳಿದರೆ ಒಳಗಿನ ಸನ್ನೆಯ ತುದಿ ಓರೆಯಾಗಿರುವ ಸಂಭವವಿದ್ದು, ಅದು ಅನುಭವವುಳ್ಳ ರಿಪೇರಿಗಾರರ ಕೆಲಸ.