ನಡುಕದ ರೋಗವುಳ್ಳ ಹಿರಿಯರಿಗೆ ಬುದ್ಧಿಯ ಅಭ್ಯಾಸ

ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆಯೋ ಅತ್ತೆಯವರೋ ಇದ್ದು, ಸುಮ್ಮನೆ ಕುಳಿತಿರುವಾಗಲೂ ಅವರ ಕೈ ನಡುಗುತ್ತಿದ್ದರೆ, ಹೆಜ್ಜೆ ಚಿಕ್ಕದಾಗಿ ನಡಿಗೆ ನಿಧಾನವಾಗಿದ್ದರೆ, ವೈದ್ಯರು ಅದನ್ನು ಪಾರ್ಕಿನ್ಸನ್ ರೋಗವೆಂದು ಹೇಳಿರಬಹುದು. ಆಯುರ್ವೇದವು ಕಂಪವಾತವೆಂದು ಕರೆಯುವ ರೋಗದ ಲಕ್ಷಣಗಳು ಇದನ್ನು ಬಹುಮಟ್ಟಿಗೆ ಹೋಲುತ್ತವೆ. 1817ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿ ಬರೆದಾಗ, ರೋಗಿಯ ಬುದ್ಧಿಗೆ ಯಾವ ಕುಂದೂ ಬರುವುದಿಲ್ಲವೆಂದೇ ತಿಳಿದಿದ್ದನು. ಈ ಒಂದು ಮಾತು ಸರಿಯಲ್ಲವೆಂದು ಈಗ ಗೊತ್ತಾಗಿದೆ.

ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಸವನ್ನು ತಯಾರಿಸುವ ಜೀವಕೋಶಗಳು ಈ ರೋಗದಲ್ಲಿ ಕ್ರಮೇಣ ನಶಿಸುತ್ತವೆ. ಕೈಕಾಲುಗಳ ಚಲನೆಗೆ ಬೇಕಾಗುವ ಈ ರಸವು, ಒಂದರ ನಂತರ ಒಂದು ಕೆಲಸವನ್ನು ಯೋಚಿಸಿ ಮಾಡುವುದಕ್ಕೂ, ಗಮನವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದಕ್ಕೂ ಬೇಕು. ಆದಕಾರಣ ಅನೇಕ ರೋಗಿಗಳಲ್ಲಿ ಯೋಚನೆಯೂ ನಿಧಾನವಾಗುತ್ತದೆ. ಸಂತೆಗೆ ಹೋದ ಮಾವನವರು ಅರ್ಧ ಸಾಮಾನನ್ನು ಬಿಟ್ಟು ಬರುತ್ತಾರೆ. ಪಂಪು ಹಾಕಿದವರು ನೀರಿನ ಮಡೆಯನ್ನು ತಿರುಗಿಸುವುದನ್ನು ಮರೆಯುತ್ತಾರೆ. ಕೇಳಿದ ಪ್ರಶ್ನೆಗೆ ಬಹಳ ಹೊತ್ತು ಉತ್ತರವಿಲ್ಲ. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ಬಗೆದು ರೇಗುತ್ತಾರೆ. ಉತ್ತರವು ಅವರಿಗೆ ಅನೇಕ ವೇಳೆ ತಿಳಿದೇ ಇರುತ್ತದೆ; ಅದು ಹೊರಬರಲು ಸಮಯ ಬೇಕು. ಒಂದು ಸುಳಿವು ಕೊಟ್ಟು ಕಾದು ನೋಡಿರಿ.

ರೇಗುವವರಿಗಿಂತಲೂ ಅತಿಯಾಗಿ ಮರುಕಪಡುವವರು ಕೆಲವೊಮ್ಮೆ ಹೆಚ್ಚು ಕೇಡು ಮಾಡುತ್ತಾರೆಂದು ಹೇಳಬೇಕಾಗಿದೆ. “ನೀನು ಸುಮ್ಮನೆ ಕೂತಿರಪ್ಪ” ಎಂದು ಮಗನು ಹಾಲಿನ ಲೆಕ್ಕವನ್ನೂ ಬೀಗದ ಕೈಯನ್ನೂ ತೆಗೆದುಕೊಂಡುಬಿಟ್ಟರೆ, ಉಳಿದಿರುವ ಶಕ್ತಿಗೂ ಕೆಲಸವಿಲ್ಲದಂತಾಗುತ್ತದೆ. ಮನೆಯ ಯಜಮಾನನಾಗಿದ್ದವನು ಜಗಲಿಯ ಮೂಲೆಗೆ ಸೇರುತ್ತಾನೆ. ಲೆಕ್ಕವನ್ನು ಅವರೇ ಬರೆಯಲಿ, ನೀವು ಪಕ್ಕದಲ್ಲಿ ಕುಳಿತು ಸರಿನೋಡಿರಿ.

ದಿನಕ್ಕೆ ಅರ್ಧ ಗಂಟೆ, ಗುಳಿಗೆಯ ಗುಣ ಹತ್ತಿ ಮೈ ಹಗುರಾಗಿರುವ ವೇಳೆಯಲ್ಲಿ, ಬುದ್ಧಿಗೆ ಅಭ್ಯಾಸ ಕೊಡಿರಿ. ಇದಕ್ಕೆ ಖರ್ಚಿಲ್ಲ. ಅಟ್ಟದ ಮೇಲಿರುವ ಅಳಗುಳಿಮಣೆಯನ್ನು ಕೆಳಗಿಳಿಸಿರಿ. ಯಾವ ಗುಳಿಯಿಂದ ಕಾಳೆತ್ತಿದರೆ ಎಲ್ಲಿ ಮುಗಿಯುವುದು, ಎಷ್ಟು ಗೆಲ್ಲುವುದು ಎಂದು ಮುಂದಾಗಿ ಎಣಿಸುವುದೇ ಮಿದುಳಿಗೆ ಬೇಕಾದ ವ್ಯಾಯಾಮ. ಹುಣಸೆಬೀಜವನ್ನು ಹಿಡಿದು ಬಿಡುವುದರಿಂದ ಬೆರಳುಗಳಿಗೂ ಅಭ್ಯಾಸವಾಗುತ್ತದೆ. ಚೌಕಾಬಾರವೂ ಆಗಬಹುದು. ಮೊಮ್ಮಕ್ಕಳು ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು, ಆದರೆ ಅಜ್ಜನಿಗೆ ಅವಸರಪಡಿಸದಂತೆ ಅವರಿಗೆ ತಿಳಿಸಿರಿ. ಇನ್ನೊಂದು ದಿನ, ‘ಕ’ ಅಕ್ಷರದಿಂದ ಆರಂಭವಾಗುವ ಊರುಗಳನ್ನು ಒಂದು ನಿಮಿಷದಲ್ಲಿ ಹೇಳಿಸಿರಿ. “ಅಪ್ಪ, ನಾಳೆ ರಾಗಿ ಬಿತ್ತಬೇಕಾದರೆ ಮೊದಲು ಏನು, ಆಮೇಲೆ ಏನು?” ಎಂದು ಕೇಳಿರಿ. ಬೀಜ, ಗೊಬ್ಬರ, ಕೂರಿಗೆ, ಆಳು ಎಂದು ಅವರು ಕ್ರಮವಾಗಿ ಹೇಳಲಿ, ಮರುದಿನ ಆ ಕ್ರಮದಲ್ಲಿಯೇ ಕೆಲಸವಾಗಲಿ. ಸುಲಭವಾದಾಗ ಸ್ವಲ್ಪ ಕಠಿಣಮಾಡಿರಿ, ದಣಿದಾಗ ನಿಲ್ಲಿಸಿರಿ.

ಇದರಿಂದ ರೋಗ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. 2020ರಲ್ಲಿ ಕೊಕ್ರೇನ್ ಎಂಬ ವೈದ್ಯಕೀಯ ಪರಿಶೀಲನಾ ಸಂಸ್ಥೆಯು ಇಂತಹ ಅಭ್ಯಾಸಗಳ ಮೇಲಿನ 7 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿತು. ಅವುಗಳಲ್ಲಿದ್ದ ರೋಗಿಗಳು 225 ಮಂದಿ ಮಾತ್ರ. ಒಟ್ಟು ಬುದ್ಧಿಶಕ್ತಿ ಹೆಚ್ಚುವುದೆಂಬುದಕ್ಕೆ ಖಚಿತವಾದ ಆಧಾರ ದೊರೆಯಲಿಲ್ಲ. ಆದರೆ ಆಟವಾಡುವ, ಲೆಕ್ಕ ಬರೆಯುವ ಹಿರಿಯರು ಮನೆಯ ವ್ಯವಹಾರದೊಳಗೆ ಇರುತ್ತಾರಲ್ಲವೆ? ಆ ಲಾಭಕ್ಕೆ ಪ್ರಯೋಗಶಾಲೆ ಬೇಕಿಲ್ಲ.

ನಡೆಯುತ್ತಿರುವಾಗ ಮಾತ್ರ ಅವರನ್ನು ಮಾತಿಗೆ ಎಳೆಯಬೇಡಿರಿ. ಎರಡು ಕಡೆಗೆ ಗಮನ ಹಂಚಿಹೋದರೆ ಕಾಲು ತಡೆದು ಬೀಳುವ ಸಂಭವವುಂಟು. ಬಿಂದಿಗೆಯನ್ನೋ ತಟ್ಟೆಯನ್ನೋ ಕೈಗೆ ಕೊಟ್ಟು ನಡೆಸುವುದೂ ಬೇಡ.

ಈ ಆರೈಕೆಯನ್ನೆಲ್ಲ ಸೊಸೆಯ ತಲೆಗೆ ಕಟ್ಟುವುದು ನಮ್ಮಲ್ಲಿ ರೂಢಿ. ಹೊಲ, ಅಡಿಗೆ, ಮಕ್ಕಳು ಇಷ್ಟರ ನಡುವೆ ಅವಳಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಗಂಡನು ಸಂಜೆ ತಾನೇ ಮಣೆಯ ಮುಂದೆ ಕೂರಲಿ.

ನಿಧಾನವಾಗಿ ಬರುವ ಮರೆವು ಒಂದು ಬಗೆ. ಒಂದೆರಡು ದಿನಗಳಲ್ಲಿಯೇ ಹಿರಿಯರು ಗಲಿಬಿಲಿಗೊಂಡು, ಇಲ್ಲದ ಮನುಷ್ಯರನ್ನು ಕಂಡಂತೆ ಮಾತನಾಡತೊಡಗಿದರೆ ಅದು ಬೇರೆಯೇ ಬಗೆ. ಮೂತ್ರದ ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು, ಹೊಸದಾಗಿ ಕೊಟ್ಟ ಔಷಧಿ ಇವು ಕಾರಣವಾಗಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಗುಳಿಗೆಯು ವೃದ್ಧರಲ್ಲಿ ಮರೆವನ್ನೂ ಭ್ರಮೆಯನ್ನೂ ತರಬಲ್ಲದು. ಹಾಗೆಂದು ಯಾವ ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಕೂಡದು, ಥಟ್ಟನೆ ನಿಲ್ಲಿಸುವುದು ಅಪಾಯಕರ. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧಿಯಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರಿಗೆ ತೋರಿಸಿರಿ. ಯಾವುದನ್ನು ಎಷ್ಟು ಗಂಟೆಗೆ ಕೊಡುತ್ತೀರಿ, ಗಲಿಬಿಲಿ ಯಾವಾಗ ಆರಂಭವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿರಿ.